ವೆಲ್ಯಾಂಡ್ ಕಾಲುವೆಯ ಹಡಗುಗಳಲ್ಲಿ ಒಂದೂ ಕಂಟೇನರ್ ಯಾಕೆ ಕಾಣಲ್ಲ?

ಬಾಲ್ಕನಿಬೆಕ್ಕು

ಎಲ್ಲರಿಗೂ ನಮಸ್ಕಾರ. ನಾವು ಈಗ ಕೆನಡಾದ ಸೇಂಟ್ ಕ್ಯಾಥರೀನ್ಸ್‌ನಲ್ಲಿದ್ದೇವೆ. ಮಗಳನ್ನು ಈಜು ಕ್ಲಾಸಿಗೆ ಬಿಡುವ ದಾರಿಯಲ್ಲಿ ವೆಲ್ಯಾಂಡ್ ಕಾಲುವೆಯ ಎತ್ತುವ ಸೇತುವೆ ಸಿಗುತ್ತದೆ. ಅದು ಮೇಲೆದ್ದರೆ ಮುಗೀತು, ಕಾರ್ ಆಫ್ ಮಾಡಿಕೊಂಡು ಕೂರಬೇಕು. ಮೊದಮೊದಲು ಬೈಕೊಳ್ಳುತ್ತಿದ್ದೆ. ಈಗ ಹಡಗು ಬರಲಿ ಅಂತಲೇ ಸ್ವಲ್ಪ ಮುಂಚೆ ಹೊರಡುತ್ತೇನೆ.

ಗೊತ್ತಿರೋರು ಹೇಳಿ. ಪಕ್ಕದಲ್ಲೇ ನಯಾಗರಾ ಜಲಪಾತ ಇದೆ, ಅಂದರೆ ಅಷ್ಟು ಎತ್ತರವನ್ನು ಈ ಹಡಗುಗಳು ಹೇಗೋ ಹತ್ತಲೇಬೇಕು. ಪಂಪ್ ಇಟ್ಟು ನೀರು ತುಂಬಿಸ್ತಾರಾ? ಇನ್ನೊಂದು, ಇಷ್ಟುದ್ದದ ಹಡಗಿನ ಮೇಲೆ ಒಂದೇ ಒಂದು ಕಂಟೇನರ್ ಇರಲ್ಲ, ಬೋಳು ಡೆಕ್ಕು. ಒಳಗೆ ಏನಿರುತ್ತೆ? ಟೊರಾಂಟೊ, ಡೆಟ್ರಾಯಿಟ್, ಶಿಕಾಗೊ ಎಲ್ಲ ಈ ಸರೋವರಗಳ ದಂಡೆಯಲ್ಲೇ ಇರುವಾಗ ಹೆದ್ದಾರಿಯಲ್ಲಿ ಆ ಪರಿ ಲಾರಿಗಳು ಯಾಕೆ ಬೇಕು?

ಹಳೇಇಂಜಿನಿಯರ್

ಪಂಪ್ ಇಲ್ಲ ಮೇಡಂ. ನೀರು ಹೇಗೂ ಇಳಿಯುತ್ತದೆ, ಆ ಇಳಿಯುವ ನೀರನ್ನೇ ಹಿಡಿದು ಹಡಗು ಏರಿಸುತ್ತಾರೆ. ನಾನು ಊರಲ್ಲಿ ನಾಲೆ, ತೂಬು, ಗೇಟು ನೋಡಿಕೊಂಡೇ ಸರ್ವಿಸ್ ಮುಗಿಸಿದವನು. ಹ್ಯಾಮಿಲ್ಟನ್‌ನಲ್ಲಿರುವ ಮಗನ ಮನೆಗೆ ಬಂದಾಗಲೆಲ್ಲ ಆ ಲಾಕುಗಳ ಹತ್ತಿರ ಹೋಗಿ ನಿಲ್ಲುವುದೇ ನನ್ನ ಕೆಲಸ, ಸೊಸೆ ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಡುತ್ತಾಳೆ.

ಕೆಳಗಿನ ಒಂಟಾರಿಯೊ ಸರೋವರ ಸಮುದ್ರಮಟ್ಟದಿಂದ ಸುಮಾರು 75 ಮೀಟರ್ ಎತ್ತರದಲ್ಲಿದೆ. ಮೇಲಿನ ಈರಿ ಸರೋವರ 174 ಮೀಟರ್. ನಡುವಿನ ಈ 99 ಮೀಟರನ್ನು ನಯಾಗರಾ ನದಿ ಜಲಪಾತದಲ್ಲಿ ಧುಮುಕಿಯೂ ರಭಸವಾಗಿ ಹರಿದೂ ಇಳಿಯುತ್ತದೆ, ಹಡಗು 43 ಕಿಲೋಮೀಟರ್ ಕಾಲುವೆಯಲ್ಲಿ 8 ಲಾಕ್ ದಾಟಿ ಹತ್ತುತ್ತದೆ. ಹತ್ತುವ ಕೆಲಸವೆಲ್ಲ ಮೊದಲ 7 ಲಾಕುಗಳದ್ದೇ. ಎಂಟನೆಯದು ಪೋರ್ಟ್ ಕೋಲ್‌ಬೋರ್ನ್‌ನಲ್ಲಿದೆ. ಈರಿ ಸರೋವರದ ಮಟ್ಟ ಗಾಳಿಗೆ ಏರಿಳಿಯುತ್ತಿರುತ್ತದೆ, ಅದಕ್ಕೆ ಕಾಲುವೆಯನ್ನು ಹೊಂದಿಸಲಿಕ್ಕೆ ಇರುವುದು ಅದು.

ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಬಂತು, ಹಿಂದಿನ ಬಾಗಿಲು ಮುಚ್ಚಿದರು, ಗೋಡೆಯೊಳಗಿನ ತೂಬು ತೆರೆದರು. ಮೇಲಿನಿಂದ ನೀರು ನುಗ್ಗಿ ಸುಮಾರು ಹತ್ತು ನಿಮಿಷದಲ್ಲಿ ತೊಟ್ಟಿ ತುಂಬುತ್ತದೆ. ಒಂದು ಸಲಕ್ಕೆ ಸುಮಾರು 9 ಕೋಟಿ ಲೀಟರ್. ಹಡಗು ನೀರಿನ ಜೊತೆಗೇ 14 ಮೀಟರಿನಷ್ಟು ಮೇಲೆ ಬರುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ, ಹೊರಟಿತು. ಇಳಿಯುವ ಹಡಗಿಗೆ ಇದೇ ಉಲ್ಟಾ.

ಬಾಗಿಲುಗಳನ್ನು ಸರಿಯಾಗಿ ನೋಡಿ. ಎರಡು ರೆಕ್ಕೆ ಮುಚ್ಚಿದಾಗ ನೇರವಾಗಿ ನಿಲ್ಲುವುದಿಲ್ಲ. ನೀರು ಹೆಚ್ಚಿರುವ ಕಡೆಗೆ ಮೂತಿ ಚಾಚಿಕೊಂಡು ಕೋನದಲ್ಲಿ ನಿಲ್ಲುತ್ತವೆ. ನೀರು ಒತ್ತಿದಷ್ಟೂ ಬಾಗಿಲು ಬಿಗಿ. ಬೀಗ ಬೇಕಿಲ್ಲ, ಅಗುಳಿ ಬೇಕಿಲ್ಲ. ನನಗೆ ಇಡೀ ಕಾಲುವೆಯಲ್ಲಿ ಇಷ್ಟವಾದ ಜಾಗ ಥೊರಾಲ್ಡ್‌ನ 4, 5, 6ನೇ ಲಾಕುಗಳು. ಮೂರೂ ಒಂದರ ಬೆನ್ನಿಗೆ ಒಂದು ಅಂಟಿಕೊಂಡಿವೆ, ಅದೂ ಜೋಡಿ ಜೋಡಿಯಾಗಿ. ಹತ್ತುವ ಹಡಗಿಗೆ ಒಂದು ಸಾಲು, ಇಳಿಯುವ ಹಡಗಿಗೆ ಇನ್ನೊಂದು.

ಈ ಕಾಲುವೆ 1932ರಲ್ಲಿ ಶುರುವಾದದ್ದು, ಅದೇ ಜಾಗದ ನಾಲ್ಕನೇ ಕಾಲುವೆ. ಮೊದಲನೆಯದು 1829ರದ್ದು. ಆಗ ಲಾಕುಗಳು ಮರದವು, ಓಡಾಡುತ್ತಿದ್ದದ್ದು ಹಾಯಿ ಹಡಗು.

ಸುಮ್ನೆಓದೋನು

ಸರ್, ವೆಲ್ಯಾಂಡ್ ಬಿಟ್ಟರೆ ಬೇರೆ ಎಲ್ಲೂ ಲಾಕ್ ಇಲ್ವಾ? ಸಮುದ್ರದಿಂದ ಒಳಗಿನ ತುದಿವರೆಗೆ ಒಟ್ಟು ಎಷ್ಟು?

ಹಳೇಇಂಜಿನಿಯರ್

ಒಟ್ಟು 16. ಮಾಂಟ್ರಿಯಲ್‌ನಿಂದ ಒಂಟಾರಿಯೊ ಸರೋವರದವರೆಗೆ ಸೇಂಟ್ ಲಾರೆನ್ಸ್ ನದಿಯಲ್ಲಿ 7, ಅದರಲ್ಲಿ ಕೆನಡಾದವು 5, ಅಮೆರಿಕದವು 2. ಆಮೇಲೆ ವೆಲ್ಯಾಂಡಿನ 8. ಕೊನೆಗೆ ಹ್ಯೂರಾನ್ ಮತ್ತು ಸುಪೀರಿಯರ್ ಸರೋವರಗಳ ನಡುವೆ ಸೂ ಸೇಂಟ್ ಮೆರಿಯಲ್ಲಿ 1. ಅದನ್ನೆಲ್ಲ ಹತ್ತಿ ಡುಲುತ್ ಬಂದರಿಗೆ ಬಂದರೆ ಸಮುದ್ರಮಟ್ಟದಿಂದ 183 ಮೀಟರ್ ಮೇಲಿರುತ್ತೀರಿ, ಅಟ್ಲಾಂಟಿಕ್‌ನಿಂದ ಸುಮಾರು 3,700 ಕಿಲೋಮೀಟರ್ ಒಳಗೆ. ಸೇಂಟ್ ಲಾರೆನ್ಸಿನ ಏಳು ಲಾಕುಗಳಲ್ಲಿ ಇರೊಕ್ವಾ ಅನ್ನೋದು ಒಂದಿದೆ, ಹಡಗನ್ನು ಅದು ಎತ್ತುವುದು ಒಂದಡಿ ಆಸುಪಾಸು ಮಾತ್ರ. ಅಷ್ಟಕ್ಕೂ ಅಷ್ಟು ದೊಡ್ಡ ಬಾಗಿಲು ಬೇಕೇ ಬೇಕು.

ಲಾರಿಲೆಕ್ಕ

ಮಿಸಿಸಾಗಾದಲ್ಲಿ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸ. ಕಂಟೇನರ್ ಪ್ರಶ್ನೆ ನನ್ನದು, ಬಿಡಿ.

ಎಲ್ಲದಕ್ಕೂ ಮೂಲ ಇಂಜಿನಿಯರ್ ಸರ್ ಹೇಳಿದ ಆ 1932. ವೆಲ್ಯಾಂಡ್ ಲಾಕಿನ ಅಗಲ 24.4 ಮೀಟರ್. ಇದರಲ್ಲಿ ಹೋಗಬಹುದಾದ ಅತಿ ದೊಡ್ಡ ಹಡಗು 225.5 ಮೀಟರ್ ಉದ್ದ, 23.8 ಮೀಟರ್ ಅಗಲ, ನೀರಿನಲ್ಲಿ ಮುಳುಗುವುದು 8 ಮೀಟರ್ ಚಿಲ್ಲರೆ. ಪಕ್ಕದ ಗೋಡೆಗೂ ಹಡಗಿಗೂ ಒಂದೊಂದು ಕಡೆ ಒಂದಡಿ ಜಾಗ ಉಳಿದರೆ ಹೆಚ್ಚು. ಬೆಂಕಿಪೊಟ್ಟಣದೊಳಕ್ಕೆ ಕಡ್ಡಿ ಇರೋ ತಟ್ಟೆ ತಳ್ಳಿದ ಹಾಗೆ ಒಳಗೆ ಹೋಗುತ್ತದೆ. 1950ರ ದಶಕದಲ್ಲಿ ಸೇಂಟ್ ಲಾರೆನ್ಸ್ ಸೀವೇ, ಅಂದರೆ ಸಮುದ್ರದಿಂದ ಸರೋವರಗಳಿಗೆ ಬರುವ ಈ ಹಡಗು ದಾರಿ, ಕಟ್ಟುವಾಗ ಆಗಲೇ ಇದ್ದ ವೆಲ್ಯಾಂಡಿನ ಅಳತೆಯನ್ನೇ ಹಿಡಿದರು. ಒಂದು ಕಡೆ ದೊಡ್ಡದು ಮಾಡಿ ಏನು ಪ್ರಯೋಜನ, ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದಲ್ಲ.

ಸೀವೇ ತೆರೆದದ್ದು 1959ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ರಾಣಿ ಎಲಿಜಬೆತ್ ಮತ್ತು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬಂದು ಉದ್ಘಾಟನೆ ಮಾಡಿದರು. ಶಿಕಾಗೊ, ಕ್ಲೀವ್‌ಲ್ಯಾಂಡ್ ಎಲ್ಲ ಸಮುದ್ರದ ಬಂದರುಗಳೇ ಆಗಿಬಿಡುತ್ತವೆ ಅಂತ ಆಗ ಎಲ್ಲರೂ ನಂಬಿದ್ದರು. ಆದರೆ ಅದಕ್ಕೆ ಮೂರು ವರ್ಷ ಮುಂಚೆಯೇ, 1956ರಲ್ಲಿ, ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಐಡಿಯಲ್ ಎಕ್ಸ್ ಅನ್ನುವ ಹಡಗು ಕಬ್ಬಿಣದ ಪೆಟ್ಟಿಗೆಗಳನ್ನು ಹೊತ್ತು ಹೋಗಿತ್ತು. ಕಂಟೇನರ್ ಯುಗ ಶುರುವಾದದ್ದು ಅಲ್ಲಿಂದ. ಕಂಟೇನರ್ ಹಡಗಿನ ಲಾಭ ಇರೋದು ಗಾತ್ರದಲ್ಲಿ. ಅವು ಬೆಳೀತಾ ಹೋದವು, ಲಾಕ್ ಬೆಳೆಯಲಿಲ್ಲ.

ಎರಡನೇ ಕಾರಣ ಚಳಿಗಾಲ. ಡಿಸೆಂಬರ್ ಕೊನೆ, ಜನವರಿ ಶುರುವಿಗೆ ಸೀವೇ ಮುಚ್ಚಿದರೆ ಮತ್ತೆ ತೆರೆಯೋದು ಮಾರ್ಚ್ ಕೊನೆಗೆ. ಅಂಗಡಿಗೆ ಬಟ್ಟೆ, ಟಿವಿ ತರಿಸುವವರಿಗೆ ವರ್ಷಕ್ಕೆ ಮೂರು ತಿಂಗಳು ರಜಾ ಹಾಕುವ ದಾರಿ ಬೇಡ. ಅದೇ ಮಾಂಟ್ರಿಯಲ್ ಬಂದರು 1964ರಿಂದ ಚಳಿಗಾಲದಲ್ಲೂ ನಡೆಯುತ್ತದೆ. ಹಾಗಾಗಿ ಕಂಟೇನರ್ ಮಾಂಟ್ರಿಯಲ್‌ಗೆ ಬಂದು ಅಲ್ಲೇ ರೈಲು ಹತ್ತುತ್ತದೆ. ಶಿಕಾಗೊಗೆ ಹೋಗುವ ಪೆಟ್ಟಿಗೆಯೂ ಅಷ್ಟೇ. ಹಡಗಿನಲ್ಲೇ ಬರಬೇಕಾದರೆ ಹದಿನೈದು ಲಾಕ್‌ಗಳಲ್ಲಿ ಸರದಿಗೆ ಕಾಯಬೇಕು.

2014ರಿಂದ ಕ್ಲೀವ್‌ಲ್ಯಾಂಡ್ ಮತ್ತು ಬೆಲ್ಜಿಯಂನ ಆಂಟ್‌ವರ್ಪ್ ನಡುವೆ ಒಂದು ಸೇವೆ ಶುರುವಾಗಿದೆ, ಅದರಲ್ಲಿ ಕಂಟೇನರೂ ಬರುತ್ತವೆ. ಆದರೆ ಅದು ಉಪ್ಪಿನಕಾಯಿಯಷ್ಟು, ಊಟ ಅಲ್ಲ.

ಗುದ್ದಲಿಪೂಜೆ

ಹಾಗಾದ್ರೆ ಲಾಕ್ ಅಗಲ ಮಾಡಿದರೆ ಮುಗೀತಲ್ಲ? ಪನಾಮದವರು 2016ರಲ್ಲಿ ದೊಡ್ಡ ಲಾಕ್ ಕಟ್ಟಲಿಲ್ವಾ? ಎರಡು ಶ್ರೀಮಂತ ದೇಶಗಳಿಗೆ ಆಗಲ್ಲ ಅಂದ್ರೆ ನಂಬೋಕಾಗಲ್ಲ.

ಲಾರಿಲೆಕ್ಕ

ಪನಾಮದಲ್ಲಿ ಹತ್ತೋದು, ಇಳಿಯೋದು, ಎರಡು ಕಡೆ ಕಟ್ಟಿದರೆ ಆಯ್ತು. ಇಲ್ಲಿ ಮಾಂಟ್ರಿಯಲ್‌ನಿಂದ ಈರಿವರೆಗೆ 15 ಲಾಕ್, ನಡುವಿನ ನದಿಯೆಲ್ಲ ಆಳ ಮಾಡಬೇಕು, ಸೇತುವೆ ಎತ್ತರಿಸಬೇಕು, ಬಂದರುಗಳ ಹೂಳು ತೆಗೆಯಬೇಕು. ಒಂದನ್ನು ಬಿಟ್ಟರೂ ಉಳಿದದ್ದು ದಂಡ. ಅದೆಲ್ಲ ಮಾಡಿದ ಮೇಲೂ ಚಳಿಗಾಲದಲ್ಲಿ ಹಿಮ ಕಟ್ಟುತ್ತದೆ. 1970ರ ದಶಕದ ಕೊನೆಗೆ ಸೀವೇಯಲ್ಲಿ ವರ್ಷಕ್ಕೆ 7 ಕೋಟಿ ಟನ್ನಿಗೂ ಜಾಸ್ತಿ ಸರಕು ಹೋಗುತ್ತಿತ್ತು, ಈಗ 4 ಕೋಟಿ ಟನ್ನಿನ ಆಸುಪಾಸು. ಈಗಿರೋದೇ ತುಂಬಿಲ್ಲ, ದುಡ್ಡು ಯಾರು ಹಾಕ್ತಾರೆ ಗುರು?

ಮಿಶಿಗನ್‌ಮಲ್ನಾಡ್

ದೊಡ್ಡದು ಮಾಡಿದರೆ ಏನಾಗುತ್ತದೆ, ಮಾಡದಿದ್ದರೆ ಏನಾಗುತ್ತದೆ, ಎರಡಕ್ಕೂ ಒಳ್ಳೆ ಉದಾಹರಣೆ ಸೂ ಸೇಂಟ್ ಮೆರಿ. ನಾನಿರೋದು ಮಿಶಿಗನ್‌ನಲ್ಲಿ, ಬೇಸಿಗೆಗೆ ನೆಂಟರು ಬಂದರೆ ಮೊದಲು ಅಲ್ಲಿಗೇ ಕರೆದುಕೊಂಡು ಹೋಗೋದು.

ಅಲ್ಲಿ ಎತ್ತರ ಬರೀ 6.4 ಮೀಟರ್, ಒಂದೇ ಲಾಕ್ ಸಾಕು. ಹಾಗಾಗಿ ಅಮೆರಿಕದವರು 1960ರ ದಶಕದಲ್ಲಿ ಪೋ ಅನ್ನುವ ಲಾಕನ್ನು 366 ಮೀಟರ್ ಉದ್ದ, 33.5 ಮೀಟರ್ ಅಗಲ ಮಾಡಿಬಿಟ್ಟರು. ತಕ್ಷಣ ಅದರ ಅಳತೆಗೇ ಹಡಗು ಕಟ್ಟೋಕೆ ಶುರು. ಸಾವಿರ ಅಡಿ ಉದ್ದದವು, 1972ರಿಂದ 1981ರ ಒಳಗೆ 13 ಹಡಗು. ಒಂದೊಂದೂ 60,000 ಟನ್ ಅದಿರು ಹೊರಬಲ್ಲವು, ವೆಲ್ಯಾಂಡ್ ಹಡಗಿನ ಎರಡರಷ್ಟು. ಆದರೆ ಇವು ಈರಿ ಸರೋವರ ದಾಟಿ ಕೆಳಗೆ ಬರೋ ಹಾಗೇ ಇಲ್ಲ. ಸಮುದ್ರ ಅಂದ್ರೆ ಏನು ಅಂತ ಅವಕ್ಕೆ ಗೊತ್ತಿಲ್ಲ.

ಮೊದಲ ಸಾವಿರ ಅಡಿ ಹಡಗು ಸ್ಟೂವರ್ಟ್ ಜೆ. ಕೋರ್ಟ್. ಅದರ ಮೂತಿ ಮತ್ತು ಬಾಲ ಕಟ್ಟಿದ್ದು ದೂರದ ಮಿಸಿಸಿಪ್ಪಿ ರಾಜ್ಯದಲ್ಲಿ. ಎರಡನ್ನೂ ಒಟ್ಟಿಗೆ ಬೆಸುಗೆ ಹಾಕಿದರು. ಹೊಟ್ಟೆಯೇ ಇಲ್ಲದ ಕುಳ್ಳ ಹಡಗು. ಕಾಲುವೆಗೆ ಹಿಡಿಯುವಷ್ಟೇ ಅಗಲ. ಅದನ್ನು ಸಮುದ್ರದ ಮೇಲೆ ತಂದು, ಸೇಂಟ್ ಲಾರೆನ್ಸ್ ಹತ್ತಿಸಿ, ವೆಲ್ಯಾಂಡ್ ದಾಟಿಸಿ, ಪೆನ್ಸಿಲ್ವೇನಿಯಾದ ಈರಿ ಪಟ್ಟಣಕ್ಕೆ ತಲುಪಿಸಿದರು. ಅಲ್ಲಿ ನಡುವೆ ಕತ್ತರಿಸಿ, ಅಲ್ಲೇ ಕಟ್ಟಿದ್ದ ಉದ್ದನೆಯ ಹೊಟ್ಟೆಯನ್ನು ಮಧ್ಯೆ ಸೇರಿಸಿದರು. ವೆಲ್ಯಾಂಡ್ ಲಾಕಿಗೆ ಹೆದರಿ ಮಾಡಿದ ಕೆಲಸ ಇದು. ಈಗಲೂ ಓಡಾಡುತ್ತಿದೆ ಹಡಗು.

ಇದರ ತೊಂದರೆ ಏನಪ್ಪಾ ಅಂದ್ರೆ, ಆ ದೊಡ್ಡ ಹಡಗುಗಳಿಗೆಲ್ಲ ಪೋ ಲಾಕ್ ಒಂದೇ ದಾರಿ. ಅದು ಕೆಟ್ಟರೆ ಅಮೆರಿಕದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ನಿಲ್ಲುತ್ತದೆ. ಅದಕ್ಕೇ ಅಷ್ಟೇ ಗಾತ್ರದ ಇನ್ನೊಂದು ಲಾಕನ್ನು ಪಕ್ಕದಲ್ಲೇ ಕಟ್ಟುತ್ತಿದ್ದಾರೆ.

ಕುಡ್ಲದಕಡಲು

ಮಾರಾಯ್ರೆ, ಒಳಗೆ ಏನಿರ್ತದೆ ಅನ್ನೋದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡ್ಲಿಲ್ಲ. ನಾನು ಮಂಗಳೂರಿನಲ್ಲಿ ಪೆಲೆಟ್, ಅಂದರೆ ಕಬ್ಬಿಣದ ಅದಿರಿನ ಉಂಡೆ, ಮಾಡುವ ಕೆಲಸದಲ್ಲಿ ಇದ್ದವನು, ಈಗ ರಿಟೈರ್ಡ್. ಆ ಬೋಳು ಡೆಕ್ಕಿನ ಅಡಿಯಲ್ಲಿ ಎಷ್ಟೋ ಸಲ ಇರುವುದು ನಮ್ಮದೇ ವಸ್ತು.

ಸುಪೀರಿಯರ್ ಸರೋವರದ ಪಕ್ಕ ಮಿನ್ನೆಸೋಟದಲ್ಲಿ ಮೆಸಾಬಿ ಅಂತ ಗಣಿ ಸಾಲು ಇದೆ. ಮೊದಲು ಅಲ್ಲಿ ಒಳ್ಳೆ ಅದಿರು, ಅಗೆದು ಹಾಗೇ ಹಡಗಿಗೆ ಸುರಿದರೆ ಆಯ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಮುಗಿಯುತ್ತಾ ಬಂತು. ಉಳಿದದ್ದು ಟ್ಯಾಕೊನೈಟ್ ಅನ್ನುವ ಗಟ್ಟಿ ಕಲ್ಲು, ಕಬ್ಬಿಣ ಅದರಲ್ಲಿ ನೂರಕ್ಕೆ 25–30. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಸ್ ಎನ್ನುವವರು ದಶಕಗಟ್ಟಲೆ ಕೂತು ಅದನ್ನು ಬಳಸುವ ದಾರಿ ಹುಡುಕಿದರು. ಕಲ್ಲನ್ನು ನುಣ್ಣಗೆ ಹಿಟ್ಟು ಮಾಡಬೇಕು, ಮ್ಯಾಗ್ನೆಟ್‌ನಿಂದ ಕಬ್ಬಿಣದ ಪುಡಿ ಎಳೆದುಕೊಳ್ಳಬೇಕು, ಬೆಂಟೊನೈಟ್ ಮಣ್ಣು ಸೇರಿಸಿ ದೊಡ್ಡ ಡ್ರಮ್ಮಿನಲ್ಲಿ ಒದ್ದೆಯಾಗಿ ಉರುಳಿಸಬೇಕು. ಉರುಳುತ್ತಾ ಉರುಳುತ್ತಾ ಉಂಡೆ ಕಟ್ಟುತ್ತದೆ, ಒಂದರಿಂದ ಒಂದೂವರೆ ಸೆಂಟಿಮೀಟರ್ ಸೈಜು. ಮತ್ತೆ ಅದನ್ನು 1,300 ಡಿಗ್ರಿ ಹತ್ತಿರ ಸುಡಬೇಕು. ಕೈಗೆ ತೆಗೊಂಡರೆ ಬಣ್ಣ ಅಂಟುತ್ತದೆ, ತೂಕ ನೋಡಿದರೆ ಇಷ್ಟು ಸಣ್ಣದಕ್ಕೆ ಇಷ್ಟು ಭಾರವಾ ಅನಿಸ್ತದೆ. ಬೆಲ್ಟಿನ ಮೇಲೆ ಹರಿದು ಹೋಗುವಾಗ ಒಂದು ಸಣ್ಣ ಶಬ್ದ ಬರ್ತದೆ, ಅದು ನಮಗೆ ಗೊತ್ತು.

ಕುದುರೆಮುಖದ್ದೂ ಇದೇ ಜಾತಿಯ ಅದಿರು, ಮ್ಯಾಗ್ನೆಟೈಟ್, ಕಬ್ಬಿಣ ಕಡಿಮೆ. ಹಾಗಾಗಿ ಅಲ್ಲೂ ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಇಲ್ಲಿ ಪೆಲೆಟ್ ಮಾಡಿ ಹಡಗಿಗೆ. ಉಳಿದ ಕೆಸರಿಗೆ ಲಕ್ಯಾ ಅಣೆಕಟ್ಟು.

ಆ ಕೆಸರಿನ ರಗಳೆ ಅಲ್ಲಿಯೂ ಇತ್ತು. ಸಿಲ್ವರ್ ಬೇ ಅನ್ನುವ ಊರಿನ ರಿಸರ್ವ್ ಮೈನಿಂಗ್ ಕಾರ್ಖಾನೆ ದಿನಕ್ಕೆ 67,000 ಟನ್ ಹೂಳನ್ನು ನೇರ ಸುಪೀರಿಯರ್ ಸರೋವರಕ್ಕೆ ಬಿಡ್ತಿತ್ತು. 1973ರಲ್ಲಿ ಡುಲುತ್‌ನ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ ಎಳೆಗಳು ಇವೆ ಅಂತ ಗೊತ್ತಾಗಿ ದೊಡ್ಡ ಗಲಾಟೆ ಆಯ್ತು, ವರ್ಷಗಟ್ಟಲೆ ಕೋರ್ಟು. ಕೊನೆಗೆ 1980ರಲ್ಲಿ ಹೂಳನ್ನು ನೆಲದ ಮೇಲೆ ಹಾಕಲು ಶುರು ಮಾಡಿದರು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ನಿಂತದ್ದು ನಿಮಗೆಲ್ಲ ಗೊತ್ತಲ್ಲ.

ಬಾಲ್ಕನಿಬೆಕ್ಕು

ಅಯ್ಯೋ ಇದು ಚೆನ್ನಾಗಿದೆ! ಬೋಳು ಡೆಕ್ಕಿನ ಕೆಳಗೆ ಕುದುರೆಮುಖದ ದಾಯಾದಿ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು. ಅದಿರು ಬಿಟ್ಟರೆ?

ಲಾರಿಲೆಕ್ಕ

ಥಂಡರ್ ಬೇಯಿಂದ ಗೋಧಿ, ಕೆನೋಲಾ. ಸುಣ್ಣದ ಕಲ್ಲು. ಸಿಮೆಂಟು. ಉಪ್ಪು ತುಂಬಾ ಹೋಗುತ್ತೆ. ಒಂಟಾರಿಯೊದ ಗೊಡ್ರಿಚ್‌ನಲ್ಲಿ ಹ್ಯೂರಾನ್ ಸರೋವರದ ತಳದಲ್ಲೇ ಉಪ್ಪಿನ ಗಣಿ ಇದೆ, ಪ್ರಪಂಚದಲ್ಲೇ ಅಷ್ಟು ದೊಡ್ಡ ಭೂಗತ ಉಪ್ಪಿನ ಗಣಿ ಇನ್ನೊಂದಿಲ್ಲ ಅಂತಾರೆ. ಚಳಿಗಾಲದಲ್ಲಿ ನಿಮ್ಮ ಕಾರಿನ ತಳ ತಿನ್ನೋ ಆ ರಸ್ತೆ ಉಪ್ಪು ಬೇಸಿಗೆಯಲ್ಲಿ ಹಡಗಿನಲ್ಲಿ ಬಂದು ಗುಡ್ಡೆ ಬಿದ್ದಿರುತ್ತದೆ.

ಲಾರಿ ಯಾಕೆ ಅಂದಿರಲ್ಲ ಮೇಡಂ. ಒಂದು ಹಡಗಿನಲ್ಲಿ 28,000 ಟನ್ ಉಪ್ಪು ಅಂದುಕೊಳ್ಳಿ, ಲಾರಿಗೆ 30 ಟನ್ ಹಿಡಿದರೂ ಒಂಬೈನೂರು ಲಾರಿ ಮೇಲಾಯಿತು. ಆದರೆ ಉಪ್ಪು ಬೇಕಾದವನಿಗೆ ಇವತ್ತೇ ಬೇಕು ಅಂತಿಲ್ಲ. ನಿಮ್ಮ ಅಂಗಡಿಗೆ ಬರೋ ಬಾಳೆಹಣ್ಣು ಇವತ್ತೇ ಬೇಕು. ಭಾರ ಜಾಸ್ತಿ, ಬೆಲೆ ಕಡಿಮೆ, ಅವಸರ ಇಲ್ಲ, ಇಂಥದ್ದಕ್ಕೆ ನೀರು. ಉಳಿದದ್ದಕ್ಕೆ ಲಾರಿ.

ಸುಮ್ನೆಓದೋನು

ನಮ್ಮಲ್ಲೂ 2016ರ ಕಾನೂನಿನಲ್ಲಿ 111 ರಾಷ್ಟ್ರೀಯ ಜಲಮಾರ್ಗ ಅಂತ ಮಾಡಿದ್ರಲ್ಲ, ಅದರಲ್ಲಿ ಶರಾವತಿ, ನೇತ್ರಾವತಿ, ಕಾಳಿ ಎಲ್ಲ ಇವೆ. ಇದೇ ಲೆಕ್ಕ ಅಲ್ಲಿ ಹಾಕಿದರೆ?

ಲಾರಿಲೆಕ್ಕ

ವರ್ಷಪೂರ್ತಿ ಆಳ ಇರಬೇಕು, ಎರಡು ತುದಿಗೂ ಭಾರದ ಸರಕು ಇರಬೇಕು. ಇಲ್ಲಿ ಒಂದು ತುದಿಗೆ ಗಣಿ, ಇನ್ನೊಂದು ತುದಿಗೆ ಉಕ್ಕಿನ ಕುಲುಮೆ, ನಡುವೆ ಐದು ಸರೋವರ. ದಯವಿಟ್ಟು ಅದಕ್ಕೆ ಬೇರೆ ಥ್ರೆಡ್ ಹಾಕಿ ಅಣ್ಣ, ಇಲ್ಲಿ ಶುರುವಾದರೆ ನೇತ್ರಾವತಿ ಜಗಳ ಮುಗಿಯಲ್ಲ.

ಗುದ್ದಲಿಪೂಜೆ

ಸರಿ ಬಿಡಿ. ಆದ್ರೂ ಕಾಲುವೆ ದೊಡ್ಡದು ಮಾಡೋಕೆ ದುಡ್ಡೊಂದೇ ಅಡ್ಡಿ ಅನ್ನೋ ಹಾಗೆ ಹೇಳ್ತೀರ. ಮೊದಲ ಸಲ ಕಟ್ಟುವಾಗ ಯಾರೂ ಅಡ್ಡ ಬರಲಿಲ್ವಾ?

ಮಿಶಿಗನ್‌ಮಲ್ನಾಡ್

ಅಡ್ಡ ಬಂದವರನ್ನು ಕೇಳಿದವರು ಯಾರು? ಸೀವೇ ಮತ್ತು ಅದರ ಜೊತೆಗಿನ ವಿದ್ಯುತ್ ಅಣೆಕಟ್ಟಿಗಾಗಿ ಕಾರ್ನ್‌ವಾಲ್ ಹತ್ತಿರ ನದಿಯನ್ನು ಕಟ್ಟಿ ನಿಲ್ಲಿಸಿದರು. 1958ರ ಜುಲೈ 1ರ ಬೆಳಗ್ಗೆ ಮಣ್ಣಿನ ಒಡ್ಡನ್ನು ಸಿಡಿಮದ್ದಿಟ್ಟು ಒಡೆದರು, ನಾಲ್ಕು ದಿನದಲ್ಲಿ ಹಳೇ ಊರುಗಳ ಮೇಲೆ ನೀರು ನಿಂತಿತು. ಔಲ್ಟ್ಸ್‌ವಿಲ್, ಮುಲಿನೆಟ್, ವೇಲ್ಸ್, ಮಿಲ್ ರೋಷ್, ಇನ್ನೂ ಇವೆ. 6,500 ಜನ ಮನೆ ಬಿಟ್ಟರು. ಐನೂರಕ್ಕೂ ಹೆಚ್ಚು ಮನೆಗಳನ್ನು ಭಾರೀ ಗಾಡಿಗಳ ಮೇಲೆ ಇಡಿಯಾಗಿ ಎತ್ತಿಕೊಂಡು ಹೋಗಿ ಹೊಸ ಊರಿನಲ್ಲಿ ಇಳಿಸಿದರು, ಕಪಾಟಿನ ಪಾತ್ರೆ ತೆಗೆಯೋದೂ ಬೇಡ ಅಂದಿದ್ದರಂತೆ. ನೀರು ಕಡಿಮೆಯಾದಾಗ ಈಗಲೂ ಔಲ್ಟ್ಸ್‌ವಿಲ್‌ನ ಹಳೇ ಫುಟ್‌ಪಾತ್ ಕಾಣುತ್ತದೆ. ಮಾಂಟ್ರಿಯಲ್ ಎದುರಿನ ಕಾನವಾಕೆಯ ಮೊಹಾಕ್ ಜನರಿಗಂತೂ ನದಿಯೇ ಕೈ ತಪ್ಪಿತು. ಕಾಲುವೆ ಅವರ ದಂಡೆಯ ಜಮೀನಿನ ಮೇಲೇ ಹೋಯಿತು. ನಮ್ಮಜ್ಜಿ ಮನೆಯವರು ಲಿಂಗನಮಕ್ಕಿಯಿಂದ ಎದ್ದು ಬಂದವರು. ನನಗೆ ಆ ಫೋಟೋಗಳನ್ನು ಪೂರ್ತಿ ನೋಡೋಕಾಗಲ್ಲ.

ಇನ್ನು ನೀರೊಳಗಿನ ಕಥೆ. ನಯಾಗರಾ ಜಲಪಾತ ಸಾವಿರಾರು ವರ್ಷ ಮೀನುಗಳಿಗೆ ಗೋಡೆಯಾಗಿತ್ತು. ವೆಲ್ಯಾಂಡ್ ಕಾಲುವೆ ಆ ಗೋಡೆಗೆ ಬಾಗಿಲು ಇಟ್ಟಿತು. 1921ರಲ್ಲಿ ಸೀ ಲ್ಯಾಂಪ್ರೇ ಅನ್ನೋ ರಕ್ತ ಹೀರುವ ಮೀನು ಈರಿ ಸರೋವರದಲ್ಲಿ ಸಿಕ್ಕಿತು, ಅಲ್ಲಿಂದ ಮೇಲಿನ ಸರೋವರಗಳಿಗೆಲ್ಲ ಹಬ್ಬಿ ಟ್ರೌಟ್ ಮೀನುಗಾರಿಕೆಯನ್ನೇ ಮುಗಿಸಿತು. ಈಗಲೂ ಹೊಳೆಗಳಿಗೆ ಔಷಧಿ ಹಾಕಿ ಅದರ ಮರಿಗಳನ್ನು ಕೊಲ್ಲುತ್ತಲೇ ಇದ್ದಾರೆ.

1988ರಲ್ಲಿ ಝೀಬ್ರಾ ಮಸಲ್. ಪಟ್ಟೆ ಪಟ್ಟೆಯ ಸಣ್ಣ ಕಪ್ಪೆಚಿಪ್ಪು, ಯುರೋಪಿನ ಕಡೆಯಿಂದ ಹಡಗಿನ ಬ್ಯಾಲಸ್ಟ್ ನೀರಿನಲ್ಲಿ ಬಂದದ್ದು. ಸರಕು ಇಲ್ಲದ ಹಡಗು ತೂಕಕ್ಕೆ ನೀರು ತುಂಬಿಕೊಂಡು ಬರುತ್ತದೆ, ಇಲ್ಲಿ ಸರಕು ಹತ್ತಿಸುವಾಗ ಆ ನೀರನ್ನು ಹೊರಗೆ ಬಿಡುತ್ತದೆ. ಮರುವರ್ಷವೇ ಈರಿ ದಂಡೆಯ ಮನ್ರೊ ಪಟ್ಟಣದ ನೀರಿನ ಪೈಪು ಇದರಿಂದ ಕಟ್ಟಿಕೊಂಡು ಊರಿಗೇ ನೀರಿಲ್ಲ. ಈಗ ಸೀವೇಗೆ ಬರುವ ಹಡಗುಗಳು ಬ್ಯಾಲಸ್ಟ್ ತೊಟ್ಟಿಯನ್ನು ನಡುಸಮುದ್ರದಲ್ಲೇ ಉಪ್ಪು ನೀರಿನಿಂದ ತೊಳೆದುಕೊಂಡು ಬರಬೇಕು. 2006ರಲ್ಲಿ ಕೆನಡಾ, 2008ರಲ್ಲಿ ಅಮೆರಿಕದ ಕಡೆ ಕಡ್ಡಾಯವಾಯಿತು. ಹಾಗೆ ತೊಳೆಯೋಕೆ ಏನು ಕಷ್ಟ ಇತ್ತು? 1959ರಲ್ಲೇ ಹೇಳಬಹುದಿತ್ತಲ್ಲ. ನನಗೆ ಸಿಟ್ಟು ಬರೋದು ಅದಕ್ಕೆ.

ಶಿಕಾಗೊ ಕಡೆ ಇನ್ನೊಂದು ಬಾಗಿಲು. 1900ರಲ್ಲಿ ಕಾಲುವೆ ತೋಡಿ ಶಿಕಾಗೊ ನದಿಯನ್ನೇ ಹಿಂದಕ್ಕೆ ತಿರುಗಿಸಿದರು, ಊರ ಕೊಳಚೆ ಕುಡಿಯುವ ನೀರಿಗೆ ಬರಬಾರದು ಅಂತ. ಅದರಿಂದ ಮಿಶಿಗನ್ ಸರೋವರಕ್ಕೂ ಮಿಸಿಸಿಪ್ಪಿಗೂ ದಾರಿ ಆಯ್ತು. ಈಗ ಆ ದಾರಿಯಲ್ಲಿ ಕಾರ್ಪ್ ಮೀನು ಹತ್ತಿ ಬರಬಾರದು ಅಂತ ನೀರಿನಲ್ಲಿ ಕರೆಂಟ್ ಹರಿಸಿ ತಡೆ ಹಾಕಿದ್ದಾರೆ. ಸರಕಿನ ಬಾರ್ಜುಗಳು ಅದರ ಮೇಲೇ ಹೋಗುತ್ತವೆ.

ಗುದ್ದಲಿಪೂಜೆ

ಮೀನಿಗೆ ಕರೆಂಟ್ ಬೇಲಿ! ಅದಿರಲಿ, ಸಿಹಿನೀರಿನ ಸರೋವರದಲ್ಲಿ ಹಡಗು ನಡೆಸೋದು ಸಮುದ್ರಕ್ಕಿಂತ ಸಲೀಸು ಅಲ್ವಾ? ಅಲೆ ಗಿಲೆ ಏನಿರುತ್ತೆ.

ಹಳೇಇಂಜಿನಿಯರ್

ಸುಪೀರಿಯರ್ 560 ಕಿಲೋಮೀಟರ್ ಉದ್ದ ಇದೆ ಸ್ವಾಮಿ. ನವೆಂಬರ್ ಗಾಳಿಗೆ ಅಲ್ಲಿ ಅಲೆ ಕಡಿದಾಗಿ, ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಬರುತ್ತವೆ. ಹಡಗಿಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. 1975ರ ನವೆಂಬರ್ 10ರ ರಾತ್ರಿ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಅನ್ನುವ 222 ಮೀಟರ್ ಉದ್ದದ ಹಡಗು ಮುಳುಗಿತು. ಒಳಗೆ ನಮ್ಮ ಕುಡ್ಲದವರು ಹೇಳಿದ ಅದೇ ಟ್ಯಾಕೊನೈಟ್ ಪೆಲೆಟ್, ಸುಮಾರು 26,000 ಟನ್. ವೈಟ್‌ಫಿಶ್ ಕೊಲ್ಲಿಯ ಆಸರೆ ಇನ್ನು 27 ಕಿಲೋಮೀಟರ್ ಇತ್ತು. 29 ಜನ, ಒಬ್ಬರೂ ಉಳಿಯಲಿಲ್ಲ, ಅಪಾಯದ ಕರೆಯೂ ಹೋಗಲಿಲ್ಲ. ಹಿಂದೆಯೇ ಬರುತ್ತಿದ್ದ ಆರ್ಥರ್ ಎಂ. ಆಂಡರ್ಸನ್ ಹಡಗಿನ ರೇಡಾರಿನಿಂದ ಅದರ ಗುರುತು ಮಾಯವಾಯಿತು ಅಷ್ಟೇ. ಹ್ಯಾಚ್ ಮುಚ್ಚಳದಲ್ಲಿ ನೀರು ನುಗ್ಗಿತೋ, ತಳ ಬಂಡೆಗೆ ತಾಗಿತ್ತೋ, ಇವತ್ತಿಗೂ ವಾದ ಇದೆ.

ಸಿಹಿನೀರಿನಿಂದ ಒಂದು ಲಾಭ ಮಾತ್ರ ಇದೆ, ತುಕ್ಕು ಕಡಿಮೆ. ಸಮುದ್ರದ ಹಡಗು 25–30 ವರ್ಷಕ್ಕೆ ಗುಜರಿಗೆ ಹೋಗುತ್ತದೆ. ಇಲ್ಲಿ ಅಲ್ಪೀನಾ ಅಂತ ಸಿಮೆಂಟ್ ಹಡಗು ಇದೆ, 1942ರಲ್ಲಿ ಕಟ್ಟಿದ್ದು, ನನಗಿಂತ ದೊಡ್ಡದು ವಯಸ್ಸಿನಲ್ಲಿ, ಇನ್ನೂ ದುಡಿಯುತ್ತಿದೆ. ನಷ್ಟವೂ ಒಂದಿದೆ. ಸಿಹಿನೀರು ಹಗುರ, ಹಾಗಾಗಿ ಅದೇ ಭಾರಕ್ಕೆ ಹಡಗು ಸ್ವಲ್ಪ ಜಾಸ್ತಿ ಮುಳುಗುತ್ತದೆ. ಸರೋವರದ ಮಟ್ಟ ಒಂದಿಂಚು ಇಳಿದರೆ ಸಾವಿರ ಅಡಿ ಹಡಗು 250 ಟನ್ನಿಗೂ ಹೆಚ್ಚು ಸರಕು ಬಿಟ್ಟು ಹೊರಡಬೇಕು. ಮಳೆ ಲೆಕ್ಕ ನೋಡಿ ರೈತರು ತಲೆ ಕೆಡಿಸಿಕೊಂಡಷ್ಟೇ ಈ ಹಡಗಿನವರೂ ಕೆಡಿಸಿಕೊಳ್ಳುತ್ತಾರೆ.

ಸುಮ್ನೆಓದೋನು

ಲಾಕಿನೊಳಗೆ ಹಡಗು ಅಲುಗಾಡದ ಹಾಗೆ ಕಟ್ಟಿ ಹಾಕೋದು ಹೇಗೆ? ಒಂದಡಿ ಜಾಗದಲ್ಲಿ ಗೋಡೆಗೆ ಬಡಿಯಲ್ವಾ?

ಹಳೇಇಂಜಿನಿಯರ್

ಮೊದಲು ಹಗ್ಗ. ಹಡಗಿನವರು ಮೇಲಿನಿಂದ ಎಸೆಯುವುದು, ಗೋಡೆ ಮೇಲಿನವರು ಹಿಡಿದು ಕಂಬಕ್ಕೆ ಸುತ್ತುವುದು, ನೀರು ಏರಿದ ಹಾಗೆ ಸಡಿಲ ಎಳೆದುಕೊಳ್ಳುವುದು. ಹಗ್ಗ ಹರಿದರೆ ಕೈ ಕಾಲು ಹೋಗುವ ಕೆಲಸ. ಈಗ ಬಹಳ ಲಾಕುಗಳಲ್ಲಿ ಗೋಡೆಯಿಂದ ದೊಡ್ಡ ಚೌಕದ ಪ್ಯಾಡುಗಳು ಹೊರಗೆ ಚಾಚಿಕೊಂಡು ಬಂದು ಹಡಗಿನ ಮೈಗೆ ಒತ್ತಿಕೊಳ್ಳುತ್ತವೆ. ನಡುವಿನ ಗಾಳಿ ಎಳೆದರೆ ಅಂಟಿಕೊಂಡಿತು. ನೀರಿನ ಜೊತೆ ಪ್ಯಾಡೂ ಹಳಿ ಮೇಲೆ ಮೇಲಕ್ಕೆ ಸರಿಯುತ್ತದೆ. ಬಿಡುವಾಗ ಉಸ್ಸ್ ಅಂತ ಸದ್ದು ಕೇಳುತ್ತದೆ. ಗೋಡೆ ಮೇಲೆ ಈಗ ಜನವೇ ಇಲ್ಲ.

ಮಿಶಿಗನ್‌ಮಲ್ನಾಡ್

ಹಗ್ಗ ಅಂದಕೂಡಲೇ ನೆನಪಾಯಿತು. ಡೆಟ್ರಾಯಿಟ್ ನದಿಯಲ್ಲಿ ಹಡಗುಗಳಿಗೆ ಟಪಾಲು ಕೊಡುವ ದೋಣಿ ಇದೆ, ಜೆ. ಡಬ್ಲ್ಯೂ. ವೆಸ್ಟ್‌ಕಾಟ್. ಹಡಗು ನಿಲ್ಲುವುದಿಲ್ಲ. ದೋಣಿ ಪಕ್ಕದಲ್ಲೇ ಓಡುತ್ತದೆ, ಮೇಲಿನಿಂದ ಹಗ್ಗದಲ್ಲಿ ಬಕೆಟ್ ಇಳಿಯುತ್ತದೆ, ಕಾಗದ, ಪಾರ್ಸೆಲ್ ಅದರಲ್ಲಿ ಹಾಕಿದರೆ ಮೇಲೆ ಎಳೆದುಕೊಳ್ಳುತ್ತಾರೆ. ಈ ದೋಣಿಗೆ ತನ್ನದೇ ಪಿನ್ ಕೋಡ್, 48222. ನಾವಿಕರ ವಿಳಾಸ ಅಂದರೆ ಹಡಗಿನ ಹೆಸರು ಮತ್ತು ಆ ನಂಬರು, ಸಾಕು.

ಬಾಲ್ಕನಿಬೆಕ್ಕು

ಎಲ್ಲರಿಗೂ ಥ್ಯಾಂಕ್ಸ್. ಅತ್ತೆ ಮಾವ ಬರ್ತಿದ್ದಾರೆ, ಅವರಿಗೂ ತೋರಿಸಬೇಕು. ಸೇತುವೆ ಹತ್ತಿರ ಕಾರಲ್ಲಿ ಕೂರೋ ಬದಲು ಎಲ್ಲಿ ನಿಂತರೆ ಚೆನ್ನ? ಜನವರಿಯಲ್ಲೂ ಆಗುತ್ತಾ?

ಹಳೇಇಂಜಿನಿಯರ್

ಜನವರಿಯಲ್ಲಿ ಬೇಡ. ಹಡಗು ನಿಂತಿರುತ್ತವೆ, ಲಾಕಿನ ನೀರು ಖಾಲಿ ಮಾಡಿ ರಿಪೇರಿ ನಡೆಸುತ್ತಾರೆ. ಮಾರ್ಚ್ ಕೊನೆಗೆ ಬಂದರೆ ಮೊದಲ ಹಡಗಿನ ಕ್ಯಾಪ್ಟನ್ ತಲೆಗೆ ಹಳೇ ಕಾಲದ ಎತ್ತರದ ಟೋಪಿ ಹಾಕಿ ಸ್ವಾಗತಿಸುವುದನ್ನೂ ನೋಡಬಹುದು.

ನಿಮ್ಮ ಊರಲ್ಲೇ 3ನೇ ಲಾಕ್ ಪಕ್ಕ ಮ್ಯೂಸಿಯಂ ಇದೆ, ಎತ್ತರದ ಕಟ್ಟೆ ಇದೆ, ವಯಸ್ಸಾದವರಿಗೂ ಅನುಕೂಲ. ಸೀವೇಯವರ ವೆಬ್‌ಸೈಟಿನಲ್ಲಿ ಯಾವ ಹಡಗು ಎಲ್ಲಿದೆ ಅಂತ ನೋಡಿಕೊಂಡು ಹೊರಡಿ, ಆದರೂ ಅರ್ಧ ಗಂಟೆ ಆಚೀಚೆ ಆಗುತ್ತದೆ. ಈರಿ ಕಡೆಗೆ ಹತ್ತುವ ಹಡಗನ್ನೇ ಆರಿಸಿ. ಬಂದಾಗ ತಗ್ಗಿನಲ್ಲಿರುತ್ತದೆ, ನೋಡನೋಡುತ್ತಲೇ ನಿಮ್ಮ ಮುಂದೆ ಎದ್ದು ನಿಲ್ಲುತ್ತದೆ. ಇಳಿಯುವ ಹಡಗಿನಲ್ಲಿ ಆ ಮಜಾ ಇಲ್ಲ.

ಬಾಲ್ಕನಿಬೆಕ್ಕು

ಸರಿ ಸರ್. ಮಾವನವರು ಖಂಡಿತ ಕೇಳ್ತಾರೆ: ಯಾವುದು ಸರೋವರದ ಹಡಗು, ಯಾವುದು ಸಮುದ್ರದಿಂದ ಬಂದದ್ದು ಅಂತ ಗುರುತು ಹಿಡಿಯೋದು ಹೇಗೆ?

ಲಾರಿಲೆಕ್ಕ

ಡೆಕ್ಕಿನ ಮೇಲೆ ನಾಲ್ಕೈದು ಕ್ರೇನ್ ಸಾಲಾಗಿ ನಿಂತಿದ್ದರೆ ಅದು ಬಹುಮಟ್ಟಿಗೆ ಸಮುದ್ರದ್ದು, ಇಲ್ಲಿಯವರು ಸಾಲ್ಟಿ ಅಂತಾರೆ. ಹಿಂದಿನ ತುದಿಯಲ್ಲಿ ಬರೆದಿರೋ ಊರ ಹೆಸರೂ ಓದಿ, ಯಾವ ದೇಶದ ನೋಂದಣಿ ಅಂತ ಗೊತ್ತಾಗುತ್ತೆ. ಕ್ರೇನ್ ಇಲ್ಲದೆ, ಉದ್ದಕ್ಕೂ ಒಂದೇ ಒಂದು ಕಬ್ಬಿಣದ ತೋಳು ಮಲಗಿಸಿದ್ದರೆ ಅದು ಲೇಕರ್. ಆ ತೋಳೊಳಗೆ ಕನ್ವೇಯರ್ ಬೆಲ್ಟ್ ಇರುತ್ತದೆ. ಹೊಟ್ಟೆಯ ಅಡಿಯಿಂದ ಸರಕು ಬೆಲ್ಟಿಗೆ ಬಿದ್ದು, ಮೇಲೆ ಬಂದು, ತೋಳನ್ನು ಪಕ್ಕಕ್ಕೆ ತಿರುಗಿಸಿದರೆ ನೇರ ದಂಡೆಗೆ. ಬಂದರಿನಲ್ಲಿ ಕ್ರೇನೂ ಬೇಡ, ಆಳೂ ಬೇಡ. ಅದು ಬಿಚ್ಚಿದ್ದನ್ನು ನೋಡಬೇಕಾದರೆ ಕಾಲುವೆ ಅಲ್ಲ, ಹ್ಯಾಮಿಲ್ಟನ್ ಬಂದರಿನ ಕಡೆ ಬನ್ನಿ.